ಮಸ್ಕತ್ತಿಗೆ ಹೋದ ಗೌರಕ್ಕ

ದೇವರಾಜ ಅರಸು ಬಡಾವಣೆ

ಹೋದ ವರ್ಷದಿಂದ ಮನೆಯಲ್ಲಿ ನನ್ನನ್ನು ಬೈಯುವವರು ಯಾರೂ ಇಲ್ಲ. ನನ್ನ ಹೆಂಡತಿ ಅನ್ನಪೂರ್ಣ ಜ್ವರವೆಂದು ಆಸ್ಪತ್ರೆಗೆ ಹೊರಟಾಗ ಆಟೋದಲ್ಲಿ ಕೂತುಕೊಂಡೇ, "ಹಾಲು ಫ್ರಿಜ್ಜಿನಾಗೆ ಇಡ್ರಿ, ಹೊರಗೆ ಇಟ್ಟು ಕೆಡಿಸಬ್ಯಾಡ್ರಿ" ಎಂದಳು. ಅವಳು ತಿರುಗಿ ಬರಲಿಲ್ಲ. ಹಾಲೂ ಉಳಿಯಲಿಲ್ಲ.

ಅವಳು ಹರಿಹರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರು. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅದರ ಜೊತೆಗೆ ನಮ್ಮೂರಿನ ಒಂದು ಪತ್ರಿಕೆಗೆ 'ಗೌರಕ್ಕನ ಗದ್ದಲ' ಎಂಬ ಮೂರು ಚೌಕದ ಕಾರ್ಟೂನು ಬರೆಯುತ್ತಿದ್ದಳು. ಗೌರಕ್ಕ ಎಲ್ಲರ ಜೊತೆಗೂ ಜಗಳ ಆಡುವ ಹೆಂಗಸು. ತರಕಾರಿಯವನು, ಬಸ್ಸಿನ ಕಂಡಕ್ಟರು, ಕಾರ್ಪೊರೇಟರು, ಒಮ್ಮೊಮ್ಮೆ ದೇವರು. ಅವಳ ಗಂಡ ಮಲ್ಲಣ್ಣ ಮಾತ್ರ ಒಂದು ಸಲವೂ ಬಾಯಿ ಬಿಟ್ಟವನಲ್ಲ. ಮುಖದ ಮುಂದೆ ಪೇಪರ್ ಹಿಡಿದು ಕೂತಿರುತ್ತಾನೆ. ಎರಡು ಕೈ, ಪೇಪರಿನ ಮೇಲೆ ಅರ್ಧ ಬೋಳುತಲೆ, ಅಷ್ಟೇ ಕಾಣುವುದು.

ಆ ತಲೆ ನನ್ನದು. "ಅಲುಗಾಡಬ್ಯಾಡ್ರಿ. ಬರೆಯಾಕೆ ಸುಲಭ ಐತೆ ಅಂತಾನೇ ಈ ತಲೆ ಮದುವಿ ಆಗೀನಿ" ಎನ್ನುತ್ತಿದ್ದಳು. ಮದುವೆಯಲ್ಲಿ ನನಗೆ ತುಂಬ ಕೂದಲಿತ್ತು. ಆ ಮಾತನ್ನು ನಾನು ಎತ್ತಲಿಲ್ಲ.

ನಾನು ಮಂಡಿಪೇಟೆಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಹೆಸರು ಚನ್ನಬಸಪ್ಪ. ಅಂಗಡಿಗೆ ಬಂದವರೆಲ್ಲ "ಏನ್ ಮಲ್ಲಣ್ಣ, ಪೇಪರ್ ಓದಿ ಆತಾ?" ಎಂದೇ ಮಾತು ಶುರು ಮಾಡುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ. ಅದಕ್ಕೆ ಇನ್ನೂ ನಗುತ್ತಿದ್ದರು.

ಅವಳು ಹೋದ ಮೇಲೆ ಬಡಾವಣೆಯ ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಲ್ಲಿಸಿದರು. 'ಶಾಂತಸ್ವಭಾವದ, ಮಿತಭಾಷಿಯಾದ' ಎಂದು ಬರೆಸಿದ್ದರು. ಮಿತಭಾಷಿ ನಾನು. ಫ್ಲೆಕ್ಸಿನವರು ಗಂಡ ಹೆಂಡತಿಯನ್ನು ಅದಲು ಬದಲು ಮಾಡಿದ್ದರು. ಮಾತಾಡಿಸಲು ಬಂದವರೂ ಅವಳು ದೇವತೆಯಂಥವಳು ಎಂದರು. ಹೀಗೇ ಬಿಟ್ಟರೆ ಇನ್ನೊಂದು ವರ್ಷದಲ್ಲಿ ನನ್ನ ಹೆಂಡತಿ ಯಾರೆಂದು ನನಗೇ ಮರೆತುಹೋಗುತ್ತದೆ ಎನ್ನಿಸಿತು.

ಆಗ ಮಸ್ಕತ್ತಿನಿಂದ ರೇಣುಕಾ ಫೋನ್ ಮಾಡಿದಳು. ಹರಿಹರದಲ್ಲಿ ಅನ್ನಪೂರ್ಣಳ ಹತ್ತಿರ ಚಿತ್ರ ಕಲಿತ ಹುಡುಗಿ, ಈಗ ಅಲ್ಲಿ ನರ್ಸು.

"ಕಾಕಾರ, ಅಕ್ಕೋರ ಮ್ಯಾಲೆ ಇಲ್ಲಿ ಒಂದು ಹಾಡಿನ ನಾಟಕ ಮಾಡ್ತಿದೀವ್ರಿ. ಅದ್ರಾಗೆ ಗೌರಕ್ಕಾನೂ ಬರ್ತಾಳೆ, ಗೌರಕ್ಕನ್ನ ಬರೆಯೋ ಅಕ್ಕೋರೂ ಬರ್ತಾರೆ. ಎರಡೂ ಪಾರ್ಟು ನಂದೇ. ನೀವು ಬರಲೇಬೇಕು."

"ಬೈತಾಳಾ?" ಎಂದು ಕೇಳಿದೆ.

"ಯಾರ್ರಿ?"

"ಗೌರಕ್ಕ."

"ಬೈಯದಂಗೆ ಇರ್ತಾಳೇನ್ರಿ!"

ನನಗೆ ಅಷ್ಟು ಸಾಕಾಯಿತು. ಕೇಳಿದವರಿಗೆಲ್ಲ ಸಮುದ್ರ ನೋಡಲು ಹೋಗುತ್ತೇನೆ ಎಂದು ಹೇಳಿದೆ. ನಿಜವಾಗಿ ಹೊರಟಿದ್ದು ಬೈಸಿಕೊಳ್ಳಲು.

ಹರಿಹರ

ಅನ್ನಪೂರ್ಣಳ ತಮ್ಮ ಶಿವಾನಂದ ಹರಿಹರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೇಳಿ ಬರೋಣವೆಂದು ಹೋದರೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮಾವಾರ, ನೀವು ಅಲ್ಲಿ ಏನ್ ಮಾತಾಡ್ತೀರಿ? ಇಲ್ಲೇ ಮಾತಾಡಲ್ಲ."

"ಅದಕ್ಕೇ ಎಲ್ಲಿ ಹೋದ್ರೂ ನಡೀತೈತೆ" ಎಂದೆ.

ನಾನು ಇಷ್ಟುದ್ದ ಮಾತಾಡಿದ್ದಕ್ಕೆ ಗಾಬರಿಯಾಗಿ ಅವನು ಒಂದು ಚೀಲ ಮಂಡಕ್ಕಿ ತರಿಸಿ ಕೊಟ್ಟ. ಚೀಲವೆಂದರೆ ಗೊಬ್ಬರದ ಚೀಲದಷ್ಟೇ ದೊಡ್ಡದು. ರೇಣುಕಾಗೆ ಊರಿನ ಮಂಡಕ್ಕಿ ಸಿಕ್ಕಿ ಎಷ್ಟು ದಿನವಾಯಿತೋ, ಪಾಪ, ಎಂದ. ಇದನ್ನು ಹೇಗೆ ಒಯ್ಯಲಿ ಎಂದರೆ, "ತೂಕ ಎಲ್ಲೈತ್ರಿ ಇದ್ರಾಗೆ? ಗಾಳಿ" ಎಂದ.

ವಿಮಾನ ನಿಲ್ದಾಣ

ಅವನ ಮಾತು ಸುಳ್ಳಲ್ಲ. ಬೆಂಗಳೂರಿನಲ್ಲಿ ತೂಕದ ಯಂತ್ರದ ಮೇಲೆ ಚೀಲ ಇಟ್ಟರೆ ಅಂಕಿ ಏಳಲೋ ಬೇಡವೋ ಎನ್ನುವ ಹಾಗೆ ಇತ್ತು. ಆದರೆ ಬೆಲ್ಟಿನ ಮೇಲೆ ಹಿಂದಿನವರ ಸೂಟ್‌ಕೇಸಿಗೆ ಜಾಗ ಬಿಡಲಿಲ್ಲ. ಕೌಂಟರಿನ ಹುಡುಗಿ ಅಷ್ಟು ದೊಡ್ಡ ಚೀಲವನ್ನೂ ಅಷ್ಟು ಸಣ್ಣ ಅಂಕಿಯನ್ನೂ ಮತ್ತೆ ಮತ್ತೆ ನೋಡಿ, ಯಂತ್ರ ಕೆಟ್ಟಿದೆಯೆಂದು ಇನ್ನೊಬ್ಬರನ್ನು ಕರೆದಳು.

ಮಸ್ಕತ್ತಿನಲ್ಲಿ ಕಸ್ಟಮ್ಸಿನವರು ಚೀಲ ಬಿಚ್ಚಿಸಿದರು. ಏನಿದು ಎಂದು ಕೈಸನ್ನೆ ಮಾಡಿದರು. ಅರಬ್ಬಿ ನನಗೆ ಬರದು, ಇಂಗ್ಲಿಷ್ ಮೆಷಿನ್ನಿನ ಬಿಡಿಭಾಗಗಳಿಗೆ ಆಗುವಷ್ಟು ಮಾತ್ರ. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಅವರೂ ಒಂದು ಹಿಡಿ ಹಾಕಿಕೊಂಡರು. ಅಗಿದರು. ಇನ್ನೂ ಏನೋ ಆಗುತ್ತದೆ ಎಂದು ಕಾದರು. ಏನೂ ಆಗಲಿಲ್ಲ. ಖಾರ, ಈರುಳ್ಳಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಲ್ಲದ ಮಂಡಕ್ಕಿ ತಿಂದವರ ಮುಖ ಹೇಗಾಗುತ್ತದೆಂದು ನಮ್ಮೂರಿನವರಿಗೆ ಗೊತ್ತು. ನನ್ನ ಮೇಲೆ ಕನಿಕರಪಟ್ಟು ಹೋಗು ಎಂದರು.

ಹಾರ್ನ್ ಇಲ್ಲದ ಊರು

ಮಸ್ಕತ್ತಿನ ಬೆಟ್ಟಗಳ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಹಂಚಿನ ಮೇಲೆ ಮರೆತ ರೊಟ್ಟಿಯ ಬಣ್ಣ. ಅದರ ಕೆಳಗೆ ಎಲ್ಲಾ ಮನೆಗಳೂ ಬಿಳಿ. ಬಿಸಿಲು ನಮ್ಮ ಏಪ್ರಿಲ್ ತಿಂಗಳಿನದೇ, ಆದರೆ ಇಸ್ತ್ರಿ ಮಾಡಿ ಹಾಸಿದ ಹಾಗೆ ಒಂದು ಸುಕ್ಕೂ ಇಲ್ಲದೆ ಊರೆಲ್ಲ ಹರಡಿತ್ತು.

ನನ್ನನ್ನು ಉಳಿಸಿಕೊಂಡವರು ನಾಟಕದ ನಿರ್ದೇಶಕ ಸದಾನಂದ. ಉಡುಪಿ ಕಡೆಯವರು, ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಪುಸ್ತಕದ ಹಾಗೆ ಮಾತಾಡುತ್ತಾರೆ.

ಮರುದಿನ ಬೆಳಿಗ್ಗೆ ಅವರ ಮನೆಯೆದುರಿನ ರಸ್ತೆ ದಾಟಲು ಹೋದೆ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಹಾರ್ನ್ ಇಲ್ಲದಿದ್ದರೆ ಗಾಡಿ ಎಷ್ಟು ದೂರ ಇದೆ, ಚಾಲಕನಿಗೆ ಎಷ್ಟು ಸಿಟ್ಟು ಬಂದಿದೆ ಎಂದು ತಿಳಿಯುವುದು ಹೇಗೆ? ನಾನು ನಿಂತೆ. ನನ್ನನ್ನು ನೋಡಿ ಒಂದು ಕಾರು ನಿಂತಿತು. ಅದು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಅದು ಕಾಯಿತು. ಅದರ ಹಿಂದೆ ಇನ್ನಷ್ಟು ಕಾರು ನಿಂತವು. ಇಷ್ಟು ಜನರ ಮರ್ಯಾದೆಯನ್ನು ತಡೆಯಲಾರದೆ ನಾನು ವಾಪಸ್ ಮನೆಗೆ ಬಂದೆ.

"ದಾಟಲಿಲ್ಲವಾ ಮಾರಾಯ್ರೆ?" ಎಂದರು ಸದಾನಂದ.

"ಆ ಕಡೆ ಏನೂ ಕೆಲ್ಸ ಇರಲಿಲ್ಲ" ಎಂದೆ.

ಯಜಮಾನರ ಕಾಫಿ

ಸದಾನಂದರ ಮನೆಯ ಮಾಲೀಕರು ಬಿಳಿ ನಿಲುವಂಗಿಯ, ಕಸೂತಿ ಟೋಪಿಯ ಹಿರಿಯರು. ನಾಟಕಕ್ಕೆ ದೂರದಿಂದ ಅತಿಥಿ ಬಂದಿದ್ದಾರೆಂದು ಕೇಳಿ ಕಾಫಿಗೆ ಕರೆದರು. ನೆಲದ ಮೇಲೆ ಜಮಖಾನ, ತಟ್ಟೆ ತುಂಬ ಖರ್ಜೂರ, ಉದ್ದ ಕೊಕ್ಕಿನ ಹೂಜಿ. ಕಾಫಿಗೆ ಹಾಲಿಲ್ಲ, ಸಕ್ಕರೆ ಇಲ್ಲ. ಏಲಕ್ಕಿ ಇದೆ. ಲೋಟವೆಂದರೆ ನಮ್ಮ ಕುಂಕುಮದ ಬಟ್ಟಲಿನಷ್ಟು.

ಕುಡಿದೆ. ತುಂಬಿಸಿದರು. ಕುಡಿದೆ. ತುಂಬಿಸಿದರು. ಸದಾನಂದ ಫೋನ್ ಬಂತೆಂದು ಹೊರಗೆ ಹೋಗಿದ್ದರು. ಬೇಡ ಎನ್ನುವುದು ಹೇಗೆಂದು ನನಗೆ ತಿಳಿಯದು. ಲೋಟ ಕೆಳಗಿಟ್ಟರೂ ತುಂಬಿಸಿದರು. ಕೊನೆಗೆ ನನ್ನ ಎದೆ ಹೊಲಿಗೆ ಮೆಷಿನ್ನಿನ ಹಾಗೆ ಹೊಡೆದುಕೊಳ್ಳತೊಡಗಿತು. ಹಿರಿಯರ ಮುಖದಲ್ಲೂ ಸಣ್ಣ ಚಿಂತೆ. ಹೂಜಿ ಖಾಲಿಯಾಗುತ್ತಿತ್ತು.

ಅಷ್ಟರಲ್ಲಿ ಸದಾನಂದ ಒಳಗೆ ಬಂದು ತಲೆ ಚಚ್ಚಿಕೊಂಡರು. "ಅಯ್ಯೋ, ಲೋಟ ಅಲ್ಲಾಡಿಸಬೇಕು! ಅಲ್ಲಾಡಿಸಿದರೆ ಸಾಕು ಎಂದು ಅರ್ಥ. ಇಲ್ಲದಿದ್ದರೆ ಇವರು ಹಾಕುತ್ತಲೇ ಇರುತ್ತಾರೆ, ಅದು ಇವರ ಧರ್ಮ."

ಹಿರಿಯರು ನಕ್ಕು, ನನ್ನ ಮಣಿಕಟ್ಟು ಹಿಡಿದು, ಲೋಟವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತೋರಿಸಿದರು. ಬಾಯಿ ಬಿಡದೆಯೇ ಸಾಕು ಎನ್ನಬಹುದಾದ ದೇಶ. ನಾನು ಇಲ್ಲಿ ಹುಟ್ಟಬೇಕಿತ್ತು.

ತಾಲೀಮು

ಸಂಜೆ ಒಂದು ಶಾಲೆಯ ಸಭಾಂಗಣದಲ್ಲಿ ತಾಲೀಮು. ನಾನು ಎರಡನೇ ಸಾಲಿನಲ್ಲಿ ಕೂತೆ.

ಮೊದಲು ನನ್ನ ಪಾತ್ರದವನು ಬಂದು ಕೈಕುಲುಕಿದ. ಹೆಸರು ವಿಲ್ಫ್ರೆಡ್, ಮಂಗಳೂರಿನವನು, ಏಸಿ ರಿಪೇರಿ ಮಾಡುತ್ತಾನೆ. "ನಿಮ್ಮ ಪಾತ್ರಕ್ಕಾಗಿ ತಲೆ ಬೋಳಿಸಿದೆ ಸರ್. ಹೆಂಡತಿ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ" ಎಂದ. ಪಾತ್ರದೊಳಗೆ ನನಗಿಂತ ಚೆನ್ನಾಗಿ ಇಳಿದಿದ್ದ.

ಆದರೆ ಅವನಿಗೆ ಒಂದು ಹಾಡು ಇತ್ತು. ಪೇಪರ್ ಮಡಚಿಟ್ಟು, ಎರಡೂ ಕೈ ಚಾಚಿ, 'ನನ್ನ ಮೌನವೇ ನಿನಗೆ ಮಾತು' ಎಂದು ಮೂರು ಚರಣ ಹಾಡಿದ. ಕಂಠ ಭಾರಿ ಚೆನ್ನಾಗಿತ್ತು. ಮೌನದ ಬಗ್ಗೆ ಅಷ್ಟು ಗಟ್ಟಿಯಾಗಿ ಯಾರೂ ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಗೌರಕ್ಕ ಬಂದಳು. ರೇಣುಕಾ ಗಂಡನ ಮುಂದೆ ನಿಂತು ಕೈಜೋಡಿಸಿ, "ಪತಿರಾಯರೇ, ತಾವು ನನ್ನೊಡನೆ ತುಸು ಮಾತನಾಡಬಾರದೇ?" ಎಂದಳು. ನನಗೆ ನಾಟಕ ತಪ್ಪಿ ಬೇರೆ ಯಾವುದಕ್ಕೋ ಬಂದೆನೇನೋ ಎನ್ನಿಸಿತು. ಅನ್ನಪೂರ್ಣ ಬರೆದ ಚೌಕದಲ್ಲಿ ಅದೇ ಜಾಗದಲ್ಲಿ ಇದ್ದದ್ದು, "ಬಾಯಾಗೆ ಏನ್ ಕಡ್ಲಿ ಇಟ್ಕಂಡೀರೇನ್ರೀ?"

ಸದಾನಂದ ಕಿವಿಯ ಹತ್ತಿರ ಬಂದು ವಿವರಿಸಿದರು. ಇಲ್ಲೇ ಬೆಳೆಯುವ ಮಕ್ಕಳು ನೋಡುತ್ತಾರೆ, ಶುದ್ಧ ಕನ್ನಡ ಕಿವಿಗೆ ಬೀಳಬೇಕು, ಆದ್ದರಿಂದ ಭಾಷೆಯನ್ನು ಸ್ವಲ್ಪ ತೊಳೆದಿದ್ದೇನೆ ಎಂದರು. ತೊಳೆದು, ಗಂಜಿ ಹಾಕಿ, ಮಡಚಿಯೂ ಇಟ್ಟಿದ್ದರು.

ಕೊನೆಯ ದೃಶ್ಯದಲ್ಲಿ ಕಾರ್ಟೂನು ಬರೆಯುವ ಅನ್ನಪೂರ್ಣ ಬಿಳಿ ಸೀರೆ ಉಟ್ಟು ದೀಪದ ಮುಂದೆ ಕೂತು, ಒಂದು ಕಣ್ಣೀರಿನ ಹಾಡು ಹಾಡಿ, ಮೇಜಿನ ಮೇಲೆ ತಲೆಯಿಟ್ಟು ಸಾಯುತ್ತಾಳೆ. ನನ್ನ ಹೆಂಡತಿ ಬಿಳಿ ಸೀರೆ ಉಟ್ಟಿದ್ದು ನನಗೆ ನೆನಪಿಲ್ಲ. ಶಾಯಿ ಕಲೆ ಕಾಣುತ್ತದೆ ಎಂದು ಕಪ್ಪು, ಕಡುನೀಲಿ ಬಿಟ್ಟು ಬೇರೆ ಉಡುತ್ತಿರಲಿಲ್ಲ.

ತಾಲೀಮು ಮುಗಿದ ಮೇಲೆ ರೇಣುಕಾ ಕೆಳಗಿಳಿದು ಬಂದಳು. "ಕಾಕಾರ, ಅಕ್ಕೋರು ಮನ್ಯಾಗೆ ಹಿಂಗೇ ಇದ್ರಾ?"

"ಹ್ಞೂಂ" ಎಂದೆ. ನನ್ನ ಬಾಯಿಯಿಂದ ಬೇರೆ ಏನೂ ಬರುವ ಅಭ್ಯಾಸ ಇಲ್ಲ. ಊರಿನ ಫ್ಲೆಕ್ಸಿನಲ್ಲಿದ್ದ ಹೆಂಗಸು ಸಮುದ್ರ ದಾಟಿ ಇಲ್ಲಿಗೂ ಬಂದಿದ್ದಳು, ನಾನು ಹ್ಞೂಂ ಎಂದು ಅವಳನ್ನು ಒಳಗೆ ಬಿಟ್ಟುಕೊಂಡೆ.

ಮತ್ರಾ ಪೇಟೆ

ಮರುದಿನ ರೇಣುಕಾಗೆ ರಜೆ. ಸಮುದ್ರದ ದಂಡೆಯ ಮತ್ರಾ ಎಂಬ ಹಳೇ ಪೇಟೆಗೆ ಕರೆದುಕೊಂಡು ಹೋದಳು. ಮೇಲೆ ಮರದ ಸೂರು, ಕೆಳಗೆ ಸಣ್ಣ ಸಣ್ಣ ಗಲ್ಲಿ, ಎಲ್ಲಾ ಕಡೆ ಲೋಬಾನದ ಹೊಗೆ. ನಮ್ಮ ಮಂಡಿಪೇಟೆಯಲ್ಲೂ ಸಂಜೆ ಒಬ್ಬ ಫಕೀರರು ಲೋಬಾನ ಹಾಕುತ್ತಾ ಅಂಗಡಿ ಅಂಗಡಿಗೆ ಬರುತ್ತಾರೆ. ಇಲ್ಲಿ ಅದನ್ನೇ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಅಂಗಡಿಯವನು ನನ್ನ ಅಂಗಿಯೊಳಗೆ ಹೊಗೆ ಹೋಗುವ ಹಾಗೆ ಬೀಸಿದ. ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡೆ, ಮತ್ತೆ ಬಂತು. ಹೊಗೆ ಅಷ್ಟು ಹೊತ್ತು ಇರುವುದಿಲ್ಲ ಎಂದು ರೇಣುಕಾಗೂ ಗೊತ್ತಾಯಿತು. ಸುಮ್ಮನೆ ಒಂದು ಕಟ್ಟೆಯ ಮೇಲೆ ಕೂರಿಸಿದಳು.

"ಹಿಂಗಿರಲಿಲ್ಲವ್ವಾ ಅವಳು" ಎಂದೆ.

"ಏನ್ರಿ?"

"ನಿಮ್ಮ ಅಕ್ಕೋರು. ಕೈಮುಗಿದು ಮಾತಾಡಾಕಿ ಅಲ್ಲ. ಪೆನ್ನು ಸರಿಯಾಗಿ ಬರೀಲಿಲ್ಲ ಅಂದ್ರೆ ಪೆನ್ನಿಗೇ ಬೈತಿದ್ಲು. ಪೆನ್ನು ಮಾಡಿದೋನಿಗೆ, ಮಾರಿದೋನಿಗೆ, ತಂದುಕೊಟ್ಟ ನನಗೆ. ಒಂದು ಸಲ ಸ್ವಾಮಿಗಳ ಪಾದಪೂಜೆಗೆ ಹೋಗಿ, ಅವರು ತಡವಾಗಿ ಬಂದ್ರು ಅಂತ ಅವರಿಗೂ ಬೈದು ಬಂದ್ಲು. ಅವರು ಪ್ರಸಾದ ಅಂತ ಬಾಳೆಹಣ್ಣು ಕೊಟ್ರೆ, ಕೊಳೆತೈತೆ ಅಂತ ತಿರುಗಿ ಕೊಟ್ಲು."

ರೇಣುಕಾ ಬಾಯಿಗೆ ವೇಲು ಅಡ್ಡ ಹಿಡಿದು ನಗತೊಡಗಿದಳು. "ಕ್ಲಾಸಿನಾಗೆ ಹುಲಿ ಇದ್ರು ಬಿಡ್ರಿ. ಆನೆ ಬರಿ ಅಂದ್ರೆ ನಾನು ಬರೆದಿದ್ದೆ. 'ಇದು ಆನೆನೋ, ನಿಮ್ಮ ಎಮ್ಮೆಲ್ಲೆನೋ' ಅಂದಿದ್ರು. ಮನ್ಯಾಗೆ ಬ್ಯಾರೆ ತರ ಇದ್ರೇನೋ ಅಂತ ಆಮ್ಯಾಲೆ ಸದಾನಂದ ಸಾರ್ ಹೇಳಿದ್ದಕ್ಕೆ ಒಪ್ಕಂಡೆ. ನಿನ್ನೆ ನೀವೂ ಹ್ಞೂಂ ಅಂದ್ರಲ್ರಿ!"

"ಅಂದೆ."

"ನಾಳೆ ನಾಟಕ ಇಟ್ಕಂಡು ಈಗ ಹೇಳ್ತೀರಲ್ಲ ಕಾಕಾರ!"

ಅಲ್ಲಿಂದಲೇ ಸದಾನಂದರಿಗೆ ಫೋನ್ ಮಾಡಿದಳು. ಅವರ ದನಿ ನನಗೂ ಕೇಳಿಸುತ್ತಿತ್ತು. "ಹಾಡು ಎಲ್ಲ ಹೊಂದಿಸಿ ಆಗಿದೆ ಮಾರಾಯ್ತಿ. ಕೊನೆಗೆ ಜನ ಅಳಬೇಕು. ನಗುತ್ತಾ ಮನೆಗೆ ಹೋದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ?"

ರೇಣುಕಾ ಫೋನ್ ಇಟ್ಟು, "ಆಗಲ್ವಂತ್ರಿ" ಎಂದಳು.

ಶುಕ್ರವಾರ

ಸಭಾಂಗಣ ತುಂಬಿತ್ತು. ಮನೆಯ ಮಾಲೀಕರಾದ ಹಿರಿಯರೂ ಬಂದು ನನ್ನ ಪಕ್ಕ ಕೂತರು. ಭಾಷೆ ತಿಳಿಯದಿದ್ದರೂ ಎಲ್ಲದಕ್ಕೂ ತಲೆದೂಗುತ್ತಿದ್ದರು. ಹಿಂದಿನ ಪರದೆಯ ಮೇಲೆ ಅನ್ನಪೂರ್ಣಳ ಗೌರಕ್ಕ ಗೋಡೆಯಷ್ಟು ದೊಡ್ಡದಾಗಿ ಬರುತ್ತಿದ್ದಳು. ಅದರ ಮುಂದೆ ರೇಣುಕಾ ತೊಳೆದ ಮಾತು ಆಡುತ್ತಿದ್ದಳು. ಗೆರೆ ಅವಳದು, ಬಾಯಿ ಯಾರದೋ. ವಿಲ್ಫ್ರೆಡ್ ಹಾಡಿದ. ಹೆಂಗಸರು ನನ್ನ ಕಡೆ ತಿರುಗಿ ನೋಡಿ, ಇಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ ಎಂಬಂತೆ ನಿಟ್ಟುಸಿರು ಬಿಟ್ಟರು.

ಕೊನೆಯ ದೃಶ್ಯ ಬಂತು. ಬಿಳಿ ಸೀರೆ, ದೀಪ. ರೇಣುಕಾ ಹಾಡಿದಳು, ಮೇಜಿನ ಮೇಲೆ ತಲೆಯಿಟ್ಟಳು, ಸತ್ತಳು. ಸುತ್ತ ಮೂಗೆಳೆಯುವ ಸದ್ದು. ರಂಗದ ಪಕ್ಕದಲ್ಲಿ ಸದಾನಂದ ಪರದೆಯ ಹಗ್ಗಕ್ಕೆ ಕೈ ಹಾಕಿದರು.

ಪರದೆ ಬಿದ್ದರೆ ಮುಗಿಯಿತು. ಬೈಸಿಕೊಳ್ಳದೆ ನಾನು ದಾವಣಗೆರೆಗೆ ಹೋಗಬೇಕು, ಅಲ್ಲಿ ಕೀಲಿ ತೆಗೆದು ಒಳಗೆ ಕಾಲಿಟ್ಟರೆ ಯಾರೂ ಏನೂ ಅನ್ನುವುದಿಲ್ಲ.

ನಾನು ಎದ್ದು ನಿಂತು, "ವನ್ಸ್ ಮೋರ್!" ಎಂದು ಕೂಗಿದೆ.

ನಮ್ಮ ಕಡೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದರಲ್ಲಿ ವಿಶೇಷ ಏನೂ ಇಲ್ಲ. ಹಾಡು ಹಿಡಿಸಿದರೆ ವನ್ಸ್ ಮೋರ್ ಎನ್ನುತ್ತೇವೆ. ಒಮ್ಮೆ ಎಂದ ಮೇಲೆ ಹಾಡಿದವರು ಮತ್ತೆ ಹಾಡಲೇಬೇಕು. ಹಾಡುತ್ತಾ ಪ್ರಾಣ ಬಿಟ್ಟ ರಾಜನಾದರೂ ಸರಿ, ಎದ್ದು, ಕಿರೀಟ ಸರಿಮಾಡಿಕೊಂಡು, ಮತ್ತೆ ಹಾಡಿ, ಮತ್ತೆ ಸಾಯಬೇಕು. ಆದರೆ ಆ ಸಭೆಯಲ್ಲಿ ಮುಕ್ಕಾಲುಪಾಲು ಕರಾವಳಿಯವರು. ಹೆಂಡತಿ ಸತ್ತ ದೃಶ್ಯಕ್ಕೆ ಗಂಡನೇ ಎದ್ದು ನಿಂತು ಇನ್ನೊಂದು ಸಲ ಎನ್ನುತ್ತಿದ್ದಾನೆ ಎಂದು ಅವರಿಗೆ ದಿಗಿಲಾಯಿತು. ಹಿಂದೆ ಯಾರೋ, "ಪಾಪ, ತಲೆಗೆ ಏರಿರಬೇಕು" ಎಂದರು. ಸದಾನಂದರ ಕೈ ಹಗ್ಗದ ಮೇಲೆ ಹಾಗೇ ನಿಂತಿತು.

ಮೇಜಿನ ಮೇಲಿದ್ದ ಹೆಣದ ಭುಜ ಅಲುಗಾಡಿತು. ಹರಿಹರದ ಹುಡುಗಿ. ವನ್ಸ್ ಮೋರ್ ಬಿದ್ದ ಮೇಲೆ ಮಲಗಿರಲು ಅವಳ ಕೈಯಲ್ಲೂ ಆಗಲಿಲ್ಲ. ಎದ್ದು ಕೂತಳು. ಬಿಳಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ದೀಪವನ್ನು ಆಚೆ ತಳ್ಳಿ, ಎರಡೂ ಕೈ ಸೊಂಟದ ಮೇಲಿಟ್ಟು ರಂಗದ ಅಂಚಿಗೆ ಬಂದಳು. ಆ ನಿಲುವು ರೇಣುಕಾಳದಲ್ಲ.

"ಏನ್ರೀ! ನಾ ಸತ್ತ ಮ್ಯಾಲೆ ಬಾಯಿ ಬಂತಾ ನಿಮಗೆ?"

ಬೆರಳನ್ನು ನೇರ ನನ್ನ ಕಡೆ ಚಾಚಿದಳು.

"ಇಷ್ಟು ವರ್ಷ ಒಂದು ಮಾತು ಆಡ್ರೀ ಅಂತ ನಾ ಗಂಟ್ಲು ಹರಕಂಡೆ. ಅವಾಗ ಬರೀ ಹ್ಞೂಂ. ಈಗ ಸಮುದ್ರ ದಾಟಿ ಬಂದು, ಮಂದಿ ಮುಂದೆ, ವನ್ಸ್ ಮೋರ್ ಅಂತೆ! ಒಂದ್ ಸಲ ಸಾಯಾದೇ ಎಷ್ಟು ತ್ರಾಸು ಐತೆ ಗೊತ್ತೇನ್ರೀ? ಕೂಡ್ರಿ ಕೆಳಗೆ! ಹಿಂದಿನೋರಿಗೆ ಕಾಣ್ಬೇಕೋ ಬ್ಯಾಡೋ, ಆ ತಲಿ ಒಂದು ಅಡ್ಡ!"

ಮೊದಲು ನಕ್ಕವರು ಯಾರೋ ತಿಳಿಯದು. ಆಮೇಲೆ ಸಭಾಂಗಣವೇ ನಕ್ಕಿತು. ನನ್ನ ಪಕ್ಕದ ಹಿರಿಯರು ಒಂದು ಮಾತೂ ತಿಳಿಯದೆ ತೊಡೆ ತಟ್ಟಿಕೊಂಡು ನಕ್ಕರು. ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ. ವಿಲ್ಫ್ರೆಡ್ ಪಕ್ಕದಿಂದ ಓಡಿಬಂದು ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡು ಕೂತ. ರೇಣುಕಾ ಹಾಡತೊಡಗಿದಳು. ನಾಟಕದಲ್ಲಿ ಇಲ್ಲದ ಹಾಡು, ಗೌರಕ್ಕ ತರಕಾರಿಯವನಿಗೆ ಬೈದ ಹಳೆಯ ಚೌಕಗಳನ್ನೇ ಹಿಡಿದು ಅಲ್ಲೇ ಕಟ್ಟಿದ್ದು.

ಟೊಮೆಟೊ ಇದೇನು, ಗೋಲಿ ಏನಪ್ಪಾ
ತಕ್ಕಡಿ ಹಿಡಿದೀಯೋ, ಉಯ್ಯಾಲೆ ಏನಪ್ಪಾ

ಮಕ್ಕಳು ಎದ್ದು ಕುಣಿದರು. ಶುದ್ಧ ಕನ್ನಡ ಕಲಿಯಲು ಬಂದಿದ್ದ ಮಕ್ಕಳು.

ಹಾಡು ಮುಗಿಯಿತು. ಎದ್ದವರು ಮತ್ತೆ ಸಾಯಬೇಕು, ಅದೂ ನಿಯಮವೇ. ರೇಣುಕಾ ಮೇಜಿನ ಹತ್ತಿರ ಹೋಗಿ ಕೂತು, ಸೆರಗನ್ನು ಬಿಚ್ಚಿ ಹೊದ್ದಳು. ಕಣ್ಣೀರಿನ ಹಾಡನ್ನು ಹಾಡಲಿಲ್ಲ. ಸಂತೆಯಿಂದ ಬಂದು ದಣಿದವಳ ಹಾಗೆ ಒಮ್ಮೆ "ಉಸ್ಸಪ್ಪಾ" ಎಂದು ತಲೆಯಿಟ್ಟಳು.

ಎಲ್ಲರೂ ನನ್ನ ಕಡೆ ತಿರುಗಿದರು. ಈಗ ಅವರಿಗೂ ಪದ್ಧತಿ ತಿಳಿದಿತ್ತು. "ಕೂಗಿ ಸರ್, ಕೂಗಿ" ಎಂದು ಹಿಂದಿನ ಸಾಲಿನವರು ಬೆನ್ನು ತಟ್ಟಿದರು. ಮೇಜಿನ ಮೇಲೆ ರೇಣುಕಾ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದಿದ್ದಳು. ಕೂಗಿದರೆ ಏಳುತ್ತಿದ್ದಳು. ಎಷ್ಟು ಸಲ ಕೂಗಿದರೂ ಏಳುತ್ತಿದ್ದಳು, ಅಂಥ ಹುಡುಗಿ. ಆದರೆ ಹಗಲೆಲ್ಲ ಆಸ್ಪತ್ರೆಯಲ್ಲಿ ನಿಂತು ದುಡಿದು ಬಂದವಳು, ದಣಿದಿದ್ದಳು. ಆ ಇನ್ನೊಬ್ಬಳೂ ದಣಿದಿದ್ದಳು. ಆಸ್ಪತ್ರೆಯ ಕೊನೆಯ ಬೆಳಿಗ್ಗೆ ನಾನು ಅದನ್ನು ನೋಡಿದ್ದೆ.

ಸದಾನಂದ ಹಗ್ಗ ಹಿಡಿದುಕೊಂಡು, ಏನು ಮಾಡಲಿ ಎಂದು ನನ್ನನ್ನೇ ನೋಡುತ್ತಿದ್ದರು. ನಿರ್ದೇಶಕರು ಅವರು, ಆದರೆ ಆ ಹೊತ್ತಿಗೆ ಮಾತು ನನ್ನದಾಗಿತ್ತು.

"ಇಳಿಸ್ರಿ" ಎಂದೆ.

ಗಟ್ಟಿಯಾಗಿಯೇ ಹೇಳಿದೆನಂತೆ. ಕೊನೆಯ ಸಾಲಿನವರಿಗೂ ಕೇಳಿಸಿತಂತೆ.